ಒಂದು ನೂಲಿನಷ್ಟು ದೊಡ್ಡ ಕಾಜ

ಬುಧವಾರ, ಮಾರ್ಚ್ ೧೨
ಬೆಳಿಗ್ಗೆ ಹತ್ತು ಗಂಟೆ

ನನ್ನ ಪುಟ್ಟಿಗೆ,

ಅಕ್ಕನ ಪ್ರೀತಿ, ಅಕ್ಕನ ಬೈಗುಳ, ಎರಡೂ ಇದೇ ಲಕೋಟೆಯಲ್ಲಿವೆ. ಯಾವುದನ್ನು ಮೊದಲು ತೆಗೆದುಕೊಳ್ಳುತ್ತೀಯೋ ನಿನ್ನಿಷ್ಟ.

ಮೂರು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಒಂದೇ ಒಂದು ಸಲ ಎತ್ತಿದವಳು ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ಮೂರು ದಿನ ಕಾದರೂ ಉಕ್ಕದ ಹಾಲನ್ನು ನಾನು ಎಲ್ಲೂ ಕಂಡಿಲ್ಲ. ಅದಕ್ಕೇ ಈ ಪತ್ರ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತು ಊರವರ ಕಾಗದಗಳನ್ನು ವಿಂಗಡಿಸಿದವಳು ನೀನು. ನಿನ್ನ ಹೆಸರಿಗೆ ಬಂದ ಲಕೋಟೆಯನ್ನು ಒಡೆಯದೆ ಇಡುವುದು ನಿನ್ನ ಕೈಯಲ್ಲಾಗದ ಕೆಲಸ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಿನ್ನ ಮಗಳು ನನಗೆ ಎಲ್ಲವನ್ನೂ ಹೇಳಿದಳು. ಅವಳ ಮೇಲೆ ಹಾರಾಡಬೇಡ, ನಾನೇ ಬಾಯಿ ಬಿಡಿಸಿದೆ. ಕರುಳಿನ ಕೊನೆಯಲ್ಲಿ ಗಂಟಿದೆ, ಕ್ಯಾನ್ಸರೇ ಹೌದು, ಆದರೆ ಎಲ್ಲಿಗೂ ಹಬ್ಬಿಲ್ಲ, ಈ ತಿಂಗಳೊಳಗೆ ತೆಗೆಸಿದರೆ ಗುಣವಾಗುತ್ತದೆ ಎಂದು ಡಾಕ್ಟರು ಹೇಳಿದರಂತೆ. ಆದರೆ ಆಮೇಲೆ ಮಲ ಹೊಟ್ಟೆಯ ಮೇಲಿನ ಚೀಲಕ್ಕೆ ಬರುತ್ತದೆ, ಜೀವನವಿಡೀ ಹಾಗೆಯೇ ಎಂದರಂತೆ. ಅಷ್ಟು ಕೇಳಿದ್ದೇ ತಡ, ನೀನು ಆಸ್ಪತ್ರೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನ ಕಾಗದದ ಅಡಿಗೆ ತಳ್ಳಿದೆಯಂತೆ. "ಐವತ್ತೇಳು ವರ್ಷ ಯಾರ ಕೈಲೂ ಒಂದು ಲೋಟ ತೊಳೆಸಿದೋಳಲ್ಲ ನಾನು. ಈಗ ಗುರುತು ಪರಿಚಯ ಇಲ್ಲದೋರ ಕೈಲಿ ಮೈ ತೊಳೆಸ್ಕೊಳ್ಳೋದಾ? ಬೇಡಮ್ಮ. ಇರೋಷ್ಟು ದಿನ ಇರ್ತೀನಿ" ಎಂದೆಯಂತೆ.

ನಿನ್ನ ಮಗಳು ಇದನ್ನು ಹೇಳಿ ಅತ್ತಳು. ನನಗೆ ಅಳು ಬರಲಿಲ್ಲ. ಏಕೆಂದರೆ ಇದೇ ಮಾತನ್ನು ಇಷ್ಟೇ ಬಿಗುಮಾನದಿಂದ ಹೇಳಿದ ಇನ್ನೊಬ್ಬಳನ್ನು ನಾನು ಬಲ್ಲೆ.

ಈಗ ಕೂತುಕೋ. ನಿಂತಿದ್ದರೆ ಕೂತುಕೋ.

ಎರಡು ವರ್ಷದ ಹಿಂದೆ, ನನ್ನ ನಿವೃತ್ತಿಗೆ ಇನ್ನೂ ಆರು ತಿಂಗಳಿರುವಾಗ, ಫ್ಯಾಕ್ಟರಿಯವರು ನನ್ನನ್ನು ಮೂರು ವಾರ ದೂರದ ಶಾಖೆಗೆ ತರಬೇತಿ ಕೊಡಲು ಕಳಿಸಿದ್ದಾರೆ ಎಂದು ಹೇಳಿದ್ದೆನಲ್ಲ? ಹೋಟೆಲಿನ ಊಟ ಸಪ್ಪೆ, ಹಾಸಿಗೆ ಗಟ್ಟಿ, ಕಿಟಕಿಯಿಂದ ಒಂದು ದೊಡ್ಡ ಮರ ಕಾಣುತ್ತದೆ ಎಂದೆಲ್ಲ ಫೋನಿನಲ್ಲಿ ವರ್ಣಿಸಿದ್ದೆನಲ್ಲ? ಊಟ ಸಪ್ಪೆ ಇದ್ದದ್ದು ನಿಜ, ಮರವೂ ನಿಜ. ಹೋಟೆಲ್ ಮಾತ್ರ ಸುಳ್ಳು. ಅದು ಈ ಊರಿನ ಕ್ಯಾನ್ಸರ್ ಆಸ್ಪತ್ರೆಯ ಹೆಂಗಸರ ಶಸ್ತ್ರಚಿಕಿತ್ಸೆ ವಾರ್ಡು. ಆಗ ಪತ್ರ ಬರೆಯದೆ ಫೋನ್ ಮಾಡುತ್ತಿದ್ದದ್ದೂ ನಿನಗೆ ಹೆದರಿಯೇ. ಲಕೋಟೆಯ ಮೇಲಿನ ಮುದ್ರೆ ನೋಡಿದರೆ ಸಾಕು, ನಾನು ಊರು ಬಿಟ್ಟು ಒಂದು ಮೈಲಿಯೂ ಹೋಗಿಲ್ಲವೆಂದು ನೀನು ಹಿಡಿದುಬಿಡುತ್ತಿದ್ದೆ. ಗೊತ್ತಿದ್ದದ್ದು ನಿನ್ನ ಭಾವನಿಗೆ ಮಾತ್ರ. ಹೊಸ ಅಂಗಿ ಕೊಂಡರೂ ಬೀದಿಗೆಲ್ಲ ಹೇಳಿಕೊಂಡು ಬರುವ ಮನುಷ್ಯ ಈ ಒಂದು ಗುಟ್ಟನ್ನು ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಸೊರಗಿಹೋಗಿದ್ದಾರೆ. ಇವತ್ತು ಈ ಪತ್ರ ಬರೆಯುತ್ತಿರುವುದನ್ನು ನೋಡಿ ಅವರಿಗೆ ನನಗಿಂತ ಹೆಚ್ಚು ಸಮಾಧಾನವಾಗಿದೆ.

ನನಗೂ ನಿನ್ನದೇ ಕಾಯಿಲೆ, ನಿನ್ನದೇ ಆಪರೇಷನ್ನು. ಗಂಟನ್ನೂ ಅದರ ಸುತ್ತಲಿನ ಕರುಳನ್ನೂ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಯಿಂದ ಹೊರತಂದು ಹೊಲಿದರು. ಅದಕ್ಕೆ ಸ್ಟೋಮಾ ಎನ್ನುತ್ತಾರೆ. ಅದರ ಮೇಲೆ ಚೀಲ ಅಂಟಿಸುತ್ತಾರೆ.

ನನ್ನ ಸ್ವಭಾವ ನಿನಗೆ ಗೊತ್ತು. ಇಪ್ಪತ್ತೆಂಟು ವರ್ಷ ಶರ್ಟುಗಳ ಹೊಲಿಗೆ ಪರೀಕ್ಷೆ ಮಾಡಿದವಳು. ಒಂದು ಎಳೆ ಹೊರಬಂದಿದ್ದರೂ, ಒಂದು ಗುಂಡಿ ಸೊಟ್ಟಗಿದ್ದರೂ ಹಿಂದಕ್ಕೆ ಕಳಿಸಿದವಳು. ಹೊಲಿಯುವ ಹುಡುಗಿಯರು ನನಗೆ "ವಾಪಸ್ಸಮ್ಮ" ಎಂದು ಹೆಸರಿಟ್ಟಿದ್ದರು. ಆಸ್ಪತ್ರೆಗೆ ಹೋಗುವಾಗಲೂ ಒಂದು ಸಣ್ಣ ನೋಟುಪುಸ್ತಕ ಒಯ್ದೆ. ಯಾರು ಏನು ತಪ್ಪು ಮಾಡುತ್ತಾರೋ ಬರೆದಿಡುವುದು, ಹೊರಡುವ ದಿನ ದೊಡ್ಡ ಡಾಕ್ಟರ ಮುಂದೆ ಹಿಡಿಯುವುದು ಎಂದು ತೀರ್ಮಾನಿಸಿದ್ದೆ. ಹೆದರಿಕೆಯನ್ನು ಕೋಪವಾಗಿ ಮಾಡಿಕೊಳ್ಳುವುದು ನಮ್ಮಿಬ್ಬರಿಗೂ ಹುಟ್ಟಿನಿಂದ ಬಂದ ವಿದ್ಯೆ.

ಅಲ್ಲಿ ಒಬ್ಬ ನರ್ಸ್ ಇದ್ದರು. ನಲವತ್ತರ ಆಸುಪಾಸು, ಗಿಡ್ಡ ಆಳು, ಎದೆಯ ಜೇಬಿಗೆ ತಲೆಕೆಳಗಾಗಿ ನೇತುಹಾಕಿದ ಗಡಿಯಾರ. ನಾನು ಅವರನ್ನು ಗಡಿಯಾರದ ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಅವರ ಕೈಕೆಳಗೆ ಒಬ್ಬಳು ಹೊಸ ಸಿಸ್ಟರ್, ಕೋರ್ಸ್ ಮುಗಿಸಿ ಇಪ್ಪತ್ತು ದಿನವಾಗಿತ್ತಂತೆ. ಥರ್ಮಾಮೀಟರ್ ಹಿಡಿದರೂ ಕೈ ನಡುಗುತ್ತಿತ್ತು. ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ತರಕಾರಿ ಅಂಗಡಿಯಾಕೆ. ಆಕೆಯದು ಮಾರುಕಟ್ಟೆಯ ಗಂಟಲು. ಗುಟ್ಟಾಗಿ ಹೇಳಿದರೂ ವಾರ್ಡಿನ ಆ ತುದಿಗೆ ಕೇಳುತ್ತಿತ್ತು.

ಆಪರೇಷನ್ ಆದ ಮೇಲೆ ಮೂರು ದಿನ ನಾನು ನನ್ನ ಹೊಟ್ಟೆಯನ್ನು ನೋಡಲಿಲ್ಲ. ಗಡಿಯಾರದ ಸಿಸ್ಟರ್ ಚೀಲ ಬದಲಿಸಲು ಬಂದರೆ ಗೋಡೆಯ ಕಡೆ ಮುಖ ತಿರುಗಿಸಿ, ಹಲ್ಲು ಕಚ್ಚಿ ಮಲಗುತ್ತಿದ್ದೆ. ಆದರೆ ಪುಟ್ಟಿ, ಕಣ್ಣು ಮುಚ್ಚಿದರೂ ತಪಾಸಣೆ ನಿಲ್ಲಲಿಲ್ಲ. ಕಿವಿಯಲ್ಲೇ ಪರೀಕ್ಷೆ ಮಾಡಿದೆ. ಪರದೆ ಎಳೆಯುವ ಮೊದಲು "ಬರ್ಲಾಮ್ಮಾ?" ಎಂದು ಕೇಳುತ್ತಿದ್ದರು. ನಾನು ಹೂಂ ಎನ್ನುವ ತನಕ ಪರದೆಯ ಆಚೆಯೇ ನಿಲ್ಲುತ್ತಿದ್ದರು. ಹೊದಿಕೆಯನ್ನು ಪೂರ್ತಿ ಸರಿಸುತ್ತಿರಲಿಲ್ಲ. ಅಂಗೈ ಅಗಲದಷ್ಟು ಜಾಗ ಬಿಟ್ಟು ಉಳಿದ ಮೈಯನ್ನೆಲ್ಲ ಮುಚ್ಚಿಯೇ ಇಡುತ್ತಿದ್ದರು. ನೀರನ್ನು ಮೊದಲು ತಮ್ಮ ಮಣಿಕಟ್ಟಿನ ಮೇಲೆ ಸುರಿದುಕೊಂಡು ನೋಡಿ ಆಮೇಲೆ ನನಗೆ ತಾಗಿಸುತ್ತಿದ್ದರು. ಮುಟ್ಟುವ ಮೊದಲು ಎಲ್ಲಿ ಮುಟ್ಟುತ್ತೇನೆಂದು ಹೇಳುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಹೇಳುತ್ತೇನೆ ಕೇಳು. ಎರಡನೆಯ ದಿನ ಒಂದು ಸಲ ಓರೆಗಣ್ಣಿನಿಂದ ಅವರ ಮುಖ ನೋಡಿದೆ, ಹೊಟ್ಟೆಯನ್ನಲ್ಲ. ಮೂಗು ಸೊಟ್ಟಗಾಗುತ್ತದೋ, ಉಸಿರು ಹಿಡಿಯುತ್ತಾರೋ ಎಂದು ಕಾದೆ. ಅಷ್ಟು ಚೂರು ಸಿಕ್ಕಿದ್ದರೆ ಸಾಕಿತ್ತು, ಮನೆಗೆ ಹೊರಟುಬಿಡುತ್ತಿದ್ದೆ. ಸಿಗಲಿಲ್ಲ. ಅಯ್ಯೋ ಪಾಪ ಎಂಬ ಮುಖವೂ ಇರಲಿಲ್ಲ. ಅವರ ಮುಖ ಸೂಜಿಗೆ ದಾರ ಪೋಣಿಸುವವರ ಮುಖದ ಹಾಗಿತ್ತು. ಬರೀ ಕೆಲಸದ ಮೇಲಿನ ಗಮನ, ಅಷ್ಟೇ.

ನಾನೇ ತಡೆಯಲಾರದೆ ಕೇಳಿದೆ: "ವಾಸನೆ ಬರಲ್ವಾ ಸಿಸ್ಟರ್?"

"ಬರುತ್ತಮ್ಮ. ನಿಮ್ಮ ಫ್ಯಾಕ್ಟರೀಲಿ ಮೆಷಿನ್ ಎಣ್ಣೆ ವಾಸನೆ ಬರ್ತಿರ್ಲಿಲ್ವಾ?" ಎಂದರು. "ಬರ್ತಿತ್ತು" ಎಂದೆ. "ಅದಕ್ಕೆ ಅಂತ ಶರ್ಟ್ ವಾಪಸ್ ಕಳಿಸ್ತಿದ್ರಾ?" ಎಂದರು.

ವಾಪಸ್ಸಮ್ಮನ ಬಾಯಿ ಮುಚ್ಚಿಸಿದ ಮೊದಲ ಮನುಷ್ಯರು ಅವರು. ವಾಸನೆಯೇ ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಬರುತ್ತದೆ ಎಂದರಲ್ಲ, ಆಮೇಲೆ ಅವರು ಹೇಳಿದ್ದನ್ನೆಲ್ಲ ನಂಬಿದೆ.

ಆದರೂ ಹೊಟ್ಟೆ ನೋಡಲು ಧೈರ್ಯ ಬರಲಿಲ್ಲ. ಅದು ಬಂದದ್ದು ನಾಲ್ಕನೆಯ ದಿನ ಬೆಳಿಗ್ಗೆ, ಹೊಸ ಸಿಸ್ಟರ್ ದೆಸೆಯಿಂದ. ಚೀಲಕ್ಕೆ ಅಂಟಿನ ಬಿಲ್ಲೆಯೊಂದಿರುತ್ತದೆ. ಸ್ಟೋಮಾದ ಅಳತೆ ತೆಗೆದುಕೊಂಡು ಆ ಬಿಲ್ಲೆಯಲ್ಲಿ ದುಂಡಗೆ ತೂತು ಕತ್ತರಿಸಬೇಕು. ಆ ದಿನ ಕತ್ತರಿಸಲು ಅವಳಿಗೆ ಕೊಟ್ಟಿದ್ದರು. ಗೋಡೆಗೆ ಮುಖ ಮಾಡಿ ಮಲಗಿದ್ದ ನನಗೆ ಕತ್ತರಿಯ ಸದ್ದು ಕೇಳಿಸಿತು. ಕಚಕ್, ನಿಲುಗಡೆ, ಕಚಕ್, ನಿಲುಗಡೆ. ನನಗೆ ಮೈಯೆಲ್ಲ ಉರಿಯಿತು. ದುಂಡಗೆ ಕತ್ತರಿಸುವಾಗ ಯಾರಾದರೂ ನಿಲ್ಲಿಸಿ ನಿಲ್ಲಿಸಿ ಕತ್ತರಿಸುತ್ತಾರೆಯೇ? ಮೂಲೆ ಮೂಲೆ ಬರುವುದಿಲ್ಲವೇ? ತಡೆದುಕೊಂಡೆ, ತಡೆದುಕೊಂಡೆ, ಕೊನೆಗೆ ತಿರುಗಿ ನೋಡಿದೆ. ಆ ಹುಡುಗಿಯ ಕೈಯಲ್ಲಿದ್ದದ್ದು ತೂತಲ್ಲ, ಇಲಿ ಕಡಿದ ರೊಟ್ಟಿ.

"ಕೊಡೇ ಇಲ್ಲಿ!" ಎಂದೆ. "ಕತ್ತರಿ ತಿರುಗಿಸ್ಬಾರ್ದು ಕಣೇ, ಬಿಲ್ಲೆ ತಿರುಗಿಸ್ಬೇಕು. ಕತ್ತರಿ ಇದ್ದಲ್ಲೇ ಇರಬೇಕು."

ಹೊಸ ಬಿಲ್ಲೆ ತೆಗೆದುಕೊಂಡು ಒಂದೇ ಸುತ್ತಿಗೆ ದುಂಡಗೆ ಕತ್ತರಿಸಬೇಕೆಂದು ಹೊರಟೆ. ಆದರೆ ಎಷ್ಟು ದೊಡ್ಡದು? ಅಳತೆ ಬೇಡವೇ? ಗುಂಡಿ ನೋಡದೆ ಕಾಜ ಕತ್ತರಿಸುವುದು ಹೇಗೆ? ಅಳತೆಯ ಗುಂಗಿನಲ್ಲಿ ನನಗೇ ಗೊತ್ತಿಲ್ಲದೆ ತಲೆ ಬಗ್ಗಿಸಿ ನೋಡಿಬಿಟ್ಟೆ.

ಏನಿತ್ತು ಗೊತ್ತಾ? ದೊಡ್ಡ ಕೋಟಿನ ಗುಂಡಿಯಷ್ಟಿತ್ತು. ಕೆಂಪಗೆ, ಒದ್ದೆಯಾಗಿ, ನಮ್ಮ ಬಾಯಿಯ ಒಳಗಡೆ ಹೇಗಿರುತ್ತದೆಯೋ ಹಾಗೆ. ಮುಟ್ಟಿದರೆ ನೋವೂ ಇಲ್ಲ. ಮೂರು ದಿನ ಇಷ್ಟಕ್ಕೆ ಹೆದರಿದೆನೇ ಎಂದು ನಗು ಬಂತು.

"ಗುಂಡಿಗಿಂತ ಕಾಜ ಎಷ್ಟು ದೊಡ್ಡದಿರ್ಬೇಕು?" ಎಂದು ಗಡಿಯಾರದ ಸಿಸ್ಟರನ್ನು ಕೇಳಿದೆ. ಎರಡು ಮೂರು ಮಿಲಿಮೀಟರ್ ಎಂದರು. "ಒಂದು ನೂಲು ಅನ್ನಿ" ಎಂದೆ. ದರ್ಜಿಗಳ ಲೆಕ್ಕದಲ್ಲಿ ಅಷ್ಟೇ. ಒಂದು ನೂಲಿಗಿಂತ ಹೆಚ್ಚು ಬಿಟ್ಟರೆ ಮಲ ತಾಗಿ ಚರ್ಮ ಸುಡುತ್ತದೆ, ಕಡಿಮೆ ಬಿಟ್ಟರೆ ಅಂಚು ಗುಂಡಿಗೆ ಉಜ್ಜುತ್ತದೆ. ಕತ್ತರಿಸಿ, ಅಂಚನ್ನು ಬೆರಳಿನಿಂದ ಸವರಿ ನೋಡಿ, ನಾನೇ ಅಂಟಿಸಿಕೊಂಡೆ. ಹೊಸ ಸಿಸ್ಟರ್ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಇದೆಲ್ಲ ನನ್ನನ್ನು ತಿರುಗಿಸಲು ಹೂಡಿದ ಆಟವಿರಬೇಕೆಂದು ಅನುಮಾನ ಬಂದು ಆಮೇಲೆ ಗಡಿಯಾರದ ಸಿಸ್ಟರನ್ನು ಕೇಳಿದೆ. ಅವರು ದನಿ ತಗ್ಗಿಸಿ, "ಆಟ ಅಲ್ಲಮ್ಮ, ಅವಳಿಗೆ ನಿಜವಾಗ್ಲೂ ಕತ್ತರಿಸೋಕೆ ಬರಲ್ಲ" ಎಂದರು.

ಅವತ್ತಿನಿಂದ ವಾರ್ಡಿನಲ್ಲಿ ನನಗೆ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಹೊಸ ಸಿಸ್ಟರ್ ಹಳೆಯ ರಟ್ಟಿನ ಚೂರುಗಳನ್ನು ತಂದು ನನ್ನ ಹಾಸಿಗೆಯ ಪಕ್ಕ ಕೂರುತ್ತಿದ್ದಳು. ಪಾಠ. ಮೂರು ದಿನದಲ್ಲಿ ಕೈ ಕುದುರಿತು. ನಡುಕವೂ ಹೋಯಿತು ಎನ್ನು.

ಐದನೆಯ ದಿನದ ಕಥೆ ಹೇಳದಿದ್ದರೆ ತರಕಾರಿಯಾಕೆ ನನ್ನನ್ನು ಕ್ಷಮಿಸುವುದಿಲ್ಲ. ಕರುಳಿನ ಆಪರೇಷನ್ ಆದವರಿಗೆ ಗಾಳಿ ಹೋಗುವ ತನಕ ಬಾಯಿಗೆ ಸರಿಯಾಗಿ ಏನೂ ಕೊಡುವುದಿಲ್ಲ. ಹೀಗಾಗಿ ಬೆಳಗಾದರೆ ಡಾಕ್ಟರು, ನರ್ಸು, ನೆಲ ಒರೆಸುವವಳು, ಎಲ್ಲರೂ ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಚುನಾವಣೆಯ ಫಲಿತಾಂಶಕ್ಕೂ ಜನ ಅಷ್ಟು ಕಾಯುವುದಿಲ್ಲ. ಅವತ್ತು ಬೆಳಿಗ್ಗೆ ನಾನು ಹೊಸ ಸಿಸ್ಟರ್‌ಗೆ ಅಂಚು ಸವರುವುದನ್ನು ಹೇಳಿಕೊಡುತ್ತಿದ್ದೆ. ಹೊದಿಕೆಯ ಕೆಳಗೆ ಏನೋ ಮೆಲ್ಲಗೆ ಎದ್ದಿತು. ಚೀಲ ಬಲೂನಿನ ಹಾಗೆ ಉಬ್ಬುತ್ತಿತ್ತು. ನನಗಿಂತ ಮೊದಲು ನೋಡಿದವಳು ತರಕಾರಿಯಾಕೆ.

"ಊದ್ತು! ಏಯ್ ಬರ್ರೇ, ಅಕ್ಕೋರದ್ದು ಊದ್ತು!"

ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಹೊಸ ಸಿಸ್ಟರ್ ಕುಣಿದಳು. ನಿನ್ನ ಭಾವ ಹೊರಗಿನ ಬೆಂಚಿನಲ್ಲಿದ್ದವರು ಗಲಾಟೆ ಕೇಳಿ ನಾನು ಹೋಗಿಯೇಬಿಟ್ಟೆನೆಂದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದರು. ವಿಷಯ ತಿಳಿದ ಮೇಲೆ ಗಡಿಯಾರದ ಸಿಸ್ಟರ್ ಕೈ ಹಿಡಿದು ಕುಲುಕಿ ಕುಲುಕಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಥ್ಯಾಂಕ್ಸ್ ಸಿಸ್ಟರ್, ತುಂಬಾ ಥ್ಯಾಂಕ್ಸ್" ಎನ್ನತೊಡಗಿದರು. ತರಕಾರಿಯಾಕೆ ಅಲ್ಲಿಂದಲೇ ಕೂಗಿದಳು: "ಗಂಡಾ ಹೆಣ್ಣಾ ಕೇಳ್ರೀ ಅಣ್ಣಾವ್ರೇ!"

ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ನಗುವುದು ಎಷ್ಟು ಕಷ್ಟ ಗೊತ್ತಾ? ಗಡಿಯಾರದ ಸಿಸ್ಟರ್ ಓಡಿ ಬಂದು ಒಂದು ದಿಂಬನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದು, "ಈಗ ನಗಿ, ಎಷ್ಟು ಬೇಕಾದ್ರೂ ನಗಿ" ಎಂದರು. ದಿಂಬು ಅಪ್ಪಿಕೊಂಡು, ಅವರ ತೋಳಿಗೆ ತಲೆಯಾನಿಸಿ, ಕೆಮ್ಮು ಬರುವ ತನಕ ನಕ್ಕೆ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನಾನು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಎಲ್ಲ ಚಂದವೇ ಇತ್ತು ಎಂದು ಬರೆದರೆ ನೀನು ನಂಬುವವಳಲ್ಲ, ನಾನೂ ಬರೆಯುವವಳಲ್ಲ. ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿನಲ್ಲಿ ಗಂಟೆ ಒತ್ತಿ ನಲವತ್ತು ನಿಮಿಷ ಕಾದಿದ್ದೇನೆ; ಚೀಲ ಸೋರಿ ಹಾಸಿಗೆ ಒದ್ದೆಯಾಗಿತ್ತು. ಇನ್ನೊಬ್ಬ ನರ್ಸ್ ಇದ್ದಳು, ನನ್ನ ಮೈಯನ್ನು ಆ ಕಡೆ ಈ ಕಡೆ ಹೊರಳಿಸುತ್ತಲೇ ಪಕ್ಕದವಳೊಡನೆ ಯಾರದೋ ವರ್ಗಾವಣೆಯ ಮಾತಾಡುತ್ತಿದ್ದಳು. ನಾನು ಮೂಟೆಯೇನೋ ಎಂಬ ಹಾಗೆ. ಎರಡನ್ನೂ ನೋಟುಪುಸ್ತಕದಲ್ಲಿ ಬರೆದೆ.

ಅದರ ಮಾರನೆಯ ದಿನವೇ ನರ್ಸಿಂಗ್ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಬಂದಳು. ಆಪರೇಷನ್ ಆದ ಕ್ಯಾನ್ಸರ್ ರೋಗಿಗಳಿಗೆ ನರ್ಸುಗಳ ಆರೈಕೆಯ ಗುಣಮಟ್ಟ ಹೇಗನ್ನಿಸುತ್ತದೆ ಎಂಬುದು ಅವಳ ಅಧ್ಯಯನ. ನಾಲ್ಕು ಹಾಳೆ, ನಲವತ್ತು ಪ್ರಶ್ನೆ. ತರಕಾರಿಯಾಕೆ ಎಲ್ಲದಕ್ಕೂ "ತುಂಬಾ ಚೆನ್ನಾಗಿದೆ" ಎಂದು ಅರ್ಧ ನಿಮಿಷದಲ್ಲಿ ಗುರುತು ಹಾಕಿಸಿ ಕಳಿಸಿದಳು. ಇಲ್ಲದಿದ್ದರೆ ಸೂಜಿ ಜೋರಾಗಿ ಚುಚ್ಚುತ್ತಾರೆ ಎಂಬುದು ಆಕೆಯ ಲೆಕ್ಕ. ನಾನು ಎರಡು ಗಂಟೆ ಹಿಡಿದೆ. "ನರ್ಸುಗಳು ನಿಮ್ಮನ್ನು ಗೌರವದಿಂದ ಕಾಣುತ್ತಾರೆಯೇ" ಎಂದರೆ ಯಾವ ನರ್ಸು, ಯಾವ ಪಾಳಿ ಎಂದು ಕೇಳಿದೆ. ಒಂದು ಗಾಡಿ ಶರ್ಟಿಗೆಲ್ಲ ಸೇರಿಸಿ ಒಂದೇ ಚೀಟಿ ಅಂಟಿಸಲು ಬರುವುದಿಲ್ಲಮ್ಮ ಎಂದೆ. ಗಂಟೆ ಒತ್ತಿದರೆ ಬರುವುದಕ್ಕೆ "ಕಳಪೆ" ಹಾಕಿಸಿದೆ, ರೋಗಿಯೊಡನೆ ಮಾತಾಡುವುದಕ್ಕೆ "ಪರವಾಗಿಲ್ಲ". ಕೊನೆಯ ಹಾಳೆಯಲ್ಲಿ, ಬೇರೆ ಏನಾದರೂ ಹೇಳುವುದಿದೆಯೇ ಎಂದು ಎರಡು ಗೆರೆ ಜಾಗವಿತ್ತು. ಅವಳ ಪೆನ್ನು ಇಸಿದುಕೊಂಡು ನಾನೇ ಬರೆದೆ: "ಮಣಿಕಟ್ಟಿನ ಮೇಲೆ ನೀರು ಸುರಿದು ನೋಡುವವರಿಗೆ ನಿಮ್ಮ ಹಾಳೆಯಲ್ಲಿ ಕಾಲಂ ಇಲ್ಲ. ಒಂದು ಮಾಡಿ."

ಗಂಟೆಯ ವಿಷಯವನ್ನು ಗಡಿಯಾರದ ಸಿಸ್ಟರ್‌ಗೂ ನೇರವಾಗಿ ಹೇಳಿದೆ. ಅವರು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಸಬೂಬೂ ಹೇಳಲಿಲ್ಲ. "ತಪ್ಪು ನಮ್ದೇ ಅಮ್ಮ" ಎಂದರು. ಮರುದಿನದಿಂದ ಪಾಳಿ ಬದಲಾಗುವಾಗ ಒಬ್ಬರು ಗಂಟೆಯ ಬಳಿಯೇ ನಿಲ್ಲುವ ಹಾಗಾಯಿತು.

ಈಗ ಕಷ್ಟದ ಮಾತು. ಇಷ್ಟು ಹೊತ್ತು ನಿನ್ನನ್ನು ನಗಿಸಿದ್ದು ಇದನ್ನು ಹೇಳುವ ಧೈರ್ಯ ತಂದುಕೊಳ್ಳಲಿಕ್ಕೇ ಇರಬಹುದು.

ಹೊರಡುವ ದಿನ ಡಾಕ್ಟರು ಹೇಳಿದ್ದರು, ಈ ಕಾಯಿಲೆ ಒಡಹುಟ್ಟಿದವರಲ್ಲೂ ಬರಬಹುದು, ತಪ್ಪದೆ ಪರೀಕ್ಷೆ ಮಾಡಿಸಲು ಹೇಳಿ ಎಂದು. ಗಡಿಯಾರದ ಸಿಸ್ಟರ್ ಗೇಟಿನ ತನಕ ಬಂದವರು ಮತ್ತೆ ಕೇಳಿದರು: "ತಂಗಿಗೆ ಹೇಳ್ತೀರಿ ತಾನೇ?" ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಬೇಕಾದರೆ ಚೀಲದ ವಿಷಯವೂ ಬರುತ್ತದಲ್ಲ, ನೀನು ನನ್ನ ಕಡೆ ನೋಡುವ ನೋಟ ಬದಲಾಗುತ್ತದಲ್ಲ ಎಂದು ನಾಳೆ, ನಾಡಿದ್ದು ಎನ್ನುತ್ತಾ ಎರಡು ವರ್ಷ ಕಳೆದೆ. ಊರವರ ಶರ್ಟಿನ ಒಂದು ಎಳೆಯನ್ನೂ ಬಿಡದವಳು ಸ್ವಂತ ತಂಗಿಯ ವಿಷಯದಲ್ಲಿ ಕಣ್ಣು ಮುಚ್ಚಿ ಮುಂದಕ್ಕೆ ಕಳಿಸಿಬಿಟ್ಟೆ. ಆಗಲೇ ಹೇಳಿದ್ದರೆ ನಿನ್ನ ಗಂಟು ಕಾಳಿನಷ್ಟಿರುವಾಗಲೇ ಸಿಗುತ್ತಿತ್ತೋ ಏನೋ. ಇನ್ನೂ ಕಾಲ ಮಿಂಚಿಲ್ಲ ಎಂಬುದು ನಿನ್ನ ಅದೃಷ್ಟ. ತಪ್ಪು ಮಾತ್ರ ಪೂರ್ತಿ ನನ್ನದು. ಬೈಯಬೇಕೆನ್ನಿಸಿದರೆ ಬೈ. ಆದರೆ ಎದುರಿಗೆ ಕೂತು ಬೈ, ಬದುಕಿ ಬೈ, ಇನ್ನು ಮೂವತ್ತು ವರ್ಷ ಬೈ.

ನಾನೀಗ ಪ್ರತಿ ಗುರುವಾರ ಆ ವಾರ್ಡಿಗೆ ಹೋಗುತ್ತೇನೆ. ಗೋಡೆಗೆ ಮುಖ ಮಾಡಿ ಮಲಗಿದವರ ಪಕ್ಕದಲ್ಲಿ ಕತ್ತರಿ ಹಿಡಿದು ಕೂರುತ್ತೇನೆ. ಗಡಿಯಾರದ ಸಿಸ್ಟರ್ ಈಗ ಇಡೀ ವಾರ್ಡಿನ ಮುಖ್ಯಸ್ಥೆ. ಕಳೆದ ಗುರುವಾರ ಅವರಿಗೆ ನಿನ್ನ ವಿಷಯ ಹೇಳಿ, ಎರಡು ವರ್ಷ ಮುಚ್ಚಿಟ್ಟದ್ದನ್ನೂ ಒಪ್ಪಿಕೊಂಡೆ. ಚೆನ್ನಾಗಿ ಬೈಸಿಕೊಂಡೆ. ಆಮೇಲೆ ಕೇಳಿದರು, "ನಿಮ್ಮ ತಂಗಿ ಹೇಗೆ? ನಿಮ್ಮ ಹಾಗೇನಾ?" ನನಗಿಂತ ಹೆಚ್ಚು, ಕೈ ತೊಳೆದ ಮೇಲೆ ನಲ್ಲಿಯನ್ನೂ ತೊಳೆಯುವವಳು, ಕರವಸ್ತ್ರಕ್ಕೂ ಇಸ್ತ್ರಿ ಹಾಕುವವಳು ಎಂದೆ. "ಅಯ್ಯೋ, ಹಾಗಾದ್ರೆ ನಮ್ಮ ಹಾಸಿಗೆ ಬಟ್ಟೆ ನೋಡಿ ಬೈತಾರೆ. ಬೇಗ ಕರ್ಕೊಂಡ್ ಬನ್ನಿ, ನಮ್ಮ ಹುಡುಗೀರು ಸ್ವಲ್ಪ ಕಲೀಲಿ" ಎಂದರು. ಸೋಮವಾರಕ್ಕೆ ಕಿಟಕಿಯ ಪಕ್ಕದ ಹಾಸಿಗೆ ಹಿಡಿದಿಟ್ಟಿದ್ದಾರೆ.

ನೀನು ಹೇಳಿದ್ದು ಸರಿ, ಅಲ್ಲಿ ಗುರುತು ಪರಿಚಯವಿಲ್ಲದವರು ನಿನ್ನ ಮೈ ತೊಳೆಯುತ್ತಾರೆ. ಮೊದಲ ದಿನ ನಾಚಿಕೆಯಾಗುತ್ತದೆ. ಎರಡನೆಯ ದಿನವೂ ಆಗುತ್ತದೆ. ಆಮೇಲೆ ಒಂದು ಬೆಳಿಗ್ಗೆ ಅವರು ಪರದೆಯ ಆಚೆ ನಿಂತು ಬರಲೇ ಎಂದು ಕೇಳಿದಾಗ, ಸದ್ಯ ಬಂದರಲ್ಲ ಎನ್ನಿಸುತ್ತದೆ. ಅದು ಸೋಲು ಎಂದು ನಾನು ಅಂದುಕೊಂಡಿದ್ದೆ. ಅಲ್ಲ. ನಮ್ಮನ್ನು ಒಬ್ಬರು ಜೋಪಾನವಾಗಿ ಹಿಡಿದಿದ್ದಾರೆ ಎಂದು ಮೈಗೆ ಗೊತ್ತಾಗುವುದು. ಚಿಕ್ಕವರಿದ್ದಾಗ ನಮಗಿದು ಗೊತ್ತಿತ್ತು, ದೊಡ್ಡವರಾದ ಮೇಲೆ ಮರೆತಿದ್ದೆವು.

ಶನಿವಾರ ಬೆಳಗಿನ ರೈಲಿಗೆ ನಾನೂ ನಿನ್ನ ಭಾವನೂ ಬರುತ್ತೇವೆ. ಭಾನುವಾರ ಮಧ್ಯಾಹ್ನ ಮೂವರೂ ಹೊರಡೋಣ. ಕಪಾಟಿನ ಕಾಗದದ ಅಡಿಯಿಂದ ಆ ಚೀಟಿ ತೆಗೆದು, ಬೇಕಿದ್ದರೆ ಇಸ್ತ್ರಿ ಹಾಕಿಡು. ಬಾಗಿಲು ತೆಗೆಯದಿದ್ದರೆ ನಿನ್ನ ಭಾವ ಇಡೀ ಬೀದಿಗೆ ಕೇಳುವ ಹಾಗೆ ವಿಷಯ ಹೇಳಿಬಿಡುತ್ತಾರೆ. ಎರಡು ವರ್ಷದಿಂದ ಅವರ ಬಾಯಿ ಕಟ್ಟಿದೆ, ಇನ್ನು ನನ್ನ ಮಾತು ಕೇಳುವುದಿಲ್ಲ.

ಸದಾ ನಿನ್ನವಳೇ ಆದ,
ಅಕ್ಕ

ತಾ.ಕ.: ಚೀಲವನ್ನು ಯಾವಾಗ ತೆಗೆದರು ಎಂದು ಕೇಳುತ್ತಿದ್ದೀಯ ತಾನೇ? ಅಕ್ಕನದು ನಾಲ್ಕು ದಿನದ್ದು, ನನ್ನದು ಜೀವನವಿಡೀ ಎಂದು ನೀನು ಅಂದುಕೊಳ್ಳುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ತೆಗೆದಿಲ್ಲ ಪುಟ್ಟಿ. ನನ್ನದೂ ಜೀವನವಿಡೀ. ಕಳೆದ ವರ್ಷ ನಿನ್ನ ಮಗಳ ಹೊಸ ಮನೆ ನೋಡಿ ಬರುವಾಗ ನನ್ನ ತೊಡೆಯ ಮೇಲೆ ತಲೆಯಿಟ್ಟು ಐದು ಗಂಟೆ ಪ್ರಯಾಣ ಮಾಡಿದೆಯಲ್ಲ, ಆಗ ನಿನ್ನ ಕೆನ್ನೆಯಿಂದ ನಾಲ್ಕು ಬೆರಳು ಆಚೆಗೆ ಅದಿತ್ತು. ಪಕ್ಕದ ಬೀದಿಯಲ್ಲಿ ಗ್ಯಾಸ್ ಸೋರಿದರೆ ಇಲ್ಲಿ ಮೂಗು ಮುಚ್ಚುವವಳು ನೀನು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ನೀನೋ, ಇಳಿಯುವ ಹೊತ್ತಿಗೆ ಮೈ ಮುರಿಯುತ್ತಾ ಎದ್ದು, "ಎಷ್ಟು ವರ್ಷ ಆಯ್ತಕ್ಕಾ, ಇಷ್ಟು ಚೆನ್ನಾಗಿ ನಿದ್ದೆ ಮಾಡಿ" ಎಂದೆ.